ಒಂದು ಲೋಟ ನಿಂಬೆ ಪಾನಕ

ಅಗಲಿದ ಮಗುವಿನ ಹೆಸರಿನಲ್ಲಿ ಹಣ ಕೂಡಿಸಿ, ಗುರುತು ಪರಿಚಯವಿಲ್ಲದ ಸಾವಿರಾರು ಮಕ್ಕಳಿಗೆ ಆಸರೆಯಾದ ಎರಡು ಕಥೆಗಳು ಇಲ್ಲಿವೆ. ಎರಡೂ ಅಮೆರಿಕದಲ್ಲಿ ನಡೆದದ್ದು. ಎರಡನ್ನೂ ಶುರು ಮಾಡಿದವರು ಮಕ್ಕಳೇ.

ಶ್ರೀರಾಮನವಮಿ ಬಂತೆಂದರೆ ನಮ್ಮ ಊರುಗಳಲ್ಲಿ ಬೀದಿ ಬೀದಿಗೂ ಚಪ್ಪರ ಏಳುತ್ತದೆ. ಪಾನಕ, ನೀರುಮಜ್ಜಿಗೆ, ಕೋಸಂಬರಿ. ಬಿಸಿಲಲ್ಲಿ ಬಂದವರು ಯಾರೇ ಆಗಲಿ, ಕರೆದು ಲೋಟ ಕೈಗಿಡುತ್ತಾರೆ. ಯಾರೂ ಕಾಸು ಕೇಳುವುದಿಲ್ಲ.

ಅಮೆರಿಕದ ಮಕ್ಕಳಿಗೂ ಇಂಥದೇ ಒಂದು ಬೇಸಿಗೆಯ ಆಟವಿದೆ. ರಜೆಯಲ್ಲಿ ಮನೆಯ ಮುಂದೆ ಒಂದು ಪುಟ್ಟ ಮೇಜು ಹಾಕುತ್ತಾರೆ. ನಿಂಬೆಹಣ್ಣು ಹಿಂಡಿ, ಸಕ್ಕರೆ ಕಲಸಿ, ಮಂಜುಗಡ್ಡೆ ಹಾಕಿ ಹೂಜಿಯಲ್ಲಿ ತುಂಬಿಡುತ್ತಾರೆ. ರಟ್ಟಿನ ಮೇಲೆ ಬಣ್ಣದ ಅಕ್ಷರದಲ್ಲಿ ಬೆಲೆ ಬರೆದು ನಿಲ್ಲಿಸುತ್ತಾರೆ. ಅಕ್ಕಪಕ್ಕದವರು, ದಾರಿಹೋಕರು ಬಂದು ಕೊಂಡು ಕುಡಿಯುತ್ತಾರೆ. ಇದಕ್ಕೆ ಅಲ್ಲಿ 'ಲೆಮನೇಡ್ ಸ್ಟ್ಯಾಂಡ್' ಎನ್ನುತ್ತಾರೆ. ಬಂದ ಚಿಲ್ಲರೆಯಲ್ಲಿ ಮಕ್ಕಳು ಐಸ್‌ಕ್ರೀಮನ್ನೋ ಆಟದ ಸಾಮಾನನ್ನೋ ಕೊಳ್ಳುತ್ತಾರೆ.

ಆದರೆ 2000ನೇ ಇಸವಿಯಲ್ಲಿ ನಾಲ್ಕು ವರ್ಷದ ಒಬ್ಬ ಹುಡುಗಿ ಹಾಕಿದ ಮೇಜಿನ ಲೆಕ್ಕಾಚಾರ ಬೇರೆಯೇ ಇತ್ತು. ಆ ದುಡ್ಡನ್ನು ಅವಳು ಡಾಕ್ಟರಿಗೆ ಕೊಡಬೇಕೆಂದಿದ್ದಳು.

ಅಲೆಕ್ಸ್ ಎಂಬ ಹುಡುಗಿ

ಅವಳ ಹೆಸರು ಅಲೆಕ್ಸಾಂಡ್ರಾ ಸ್ಕಾಟ್. ಮನೆಯವರೆಲ್ಲ ಕರೆಯುತ್ತಿದ್ದದ್ದು ಅಲೆಕ್ಸ್ ಎಂದು. ಹುಟ್ಟಿದ್ದು 1996ರ ಜನವರಿ 18ರಂದು, ಕನೆಕ್ಟಿಕಟ್ ರಾಜ್ಯದ ಮ್ಯಾಂಚೆಸ್ಟರ್ ಎಂಬ ಊರಿನಲ್ಲಿ. ಅಪ್ಪ ಜೇ ಸ್ಕಾಟ್, ಅಮ್ಮ ಲಿಜ್ ಸ್ಕಾಟ್. ನಾಲ್ವರು ಮಕ್ಕಳಲ್ಲಿ ಇವಳು ಎರಡನೆಯವಳು, ಒಬ್ಬಳೇ ಹೆಣ್ಣುಮಗಳು.

ಮೊದಲ ಹುಟ್ಟುಹಬ್ಬಕ್ಕೆ ಇನ್ನೂ ಕೆಲವೇ ದಿನ ಇರುವಾಗ ಮಗುವಿಗೆ ನ್ಯೂರೋಬ್ಲಾಸ್ಟೋಮಾ ಎಂಬ ಕ್ಯಾನ್ಸರ್ ಇರುವುದು ಗೊತ್ತಾಯಿತು. ಇದು ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಿಗೆ ಬರುವ ಕಾಯಿಲೆ. ತಾಯಿಯ ಹೊಟ್ಟೆಯಲ್ಲಿ ಮಗು ಬೆಳೆಯುವಾಗ ನರಗಳಾಗಬೇಕಾದ ಎಳೆಯ ಜೀವಕೋಶಗಳಲ್ಲಿ ಕೆಲವು ಬಲಿಯದೆ ಹಾಗೆಯೇ ಉಳಿದುಬಿಡುತ್ತವೆ. ಆಮೇಲೆ ಲಂಗುಲಗಾಮಿಲ್ಲದೆ ಹೆಚ್ಚುತ್ತಾ ಗಡ್ಡೆಯಾಗುತ್ತವೆ. ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕುಳಿತಿರುವ ಅಡ್ರಿನಲ್ ಗ್ರಂಥಿಯಲ್ಲಿ ಇದು ಹೆಚ್ಚು. ಬೆನ್ನುಹುರಿಯ ಪಕ್ಕದಲ್ಲೂ ಬರಬಹುದು.

ಅಲೆಕ್ಸ್ ಬದುಕಿ ಉಳಿದರೂ ನಡೆಯುವುದು ಅನುಮಾನ ಎಂದು ಡಾಕ್ಟರುಗಳು ಹೇಳಿದರು. ಎರಡು ವಾರವಾಗಿತ್ತು ಅಷ್ಟೆ. 'ಎಲ್ಲಿ, ಒದಿ ನೋಡೋಣ' ಎಂದು ಅಪ್ಪ-ಅಮ್ಮ ಕೇಳಿದಾಗ ಮಗು ಕಾಲನ್ನು ಚೂರೇ ಚೂರು ಅಲುಗಿಸಿತು. ಎರಡನೆಯ ಹುಟ್ಟುಹಬ್ಬದ ಹೊತ್ತಿಗೆ ಅಂಬೆಗಾಲಿಡುತ್ತಿದ್ದಳು. ಕಾಲಿಗೆ ಆಧಾರದ ಪಟ್ಟಿ ಕಟ್ಟಿದರೆ ಎದ್ದು ನಿಲ್ಲುತ್ತಿದ್ದಳು. ಇನ್ನೇನು ಗೆದ್ದೆವು ಎಂದುಕೊಳ್ಳುವಾಗ ಗಡ್ಡೆ ಮತ್ತೆ ಬೆಳೆಯತೊಡಗಿತು.

2000ದ ಜನವರಿಯಲ್ಲಿ, ನಾಲ್ಕು ವರ್ಷ ತುಂಬಿದ ಮರುದಿನವೇ, ಅಲೆಕ್ಸ್‌ಗೆ ಆಕರಕೋಶ ಕಸಿ ಮಾಡಿದರು. ಇದೊಂದು ಕಠಿಣ ಚಿಕಿತ್ಸೆ. ಕ್ಯಾನ್ಸರ್ ಕೋಶಗಳನ್ನು ಕೊಲ್ಲಲು ಅತಿ ಹೆಚ್ಚು ಪ್ರಮಾಣದ ಔಷಧಿ ಕೊಡುತ್ತಾರೆ. ಆ ಏಟಿಗೆ ರಕ್ತ ಹುಟ್ಟುವ ಮೂಳೆಮಜ್ಜೆಯೂ ಸುಟ್ಟುಹೋಗುತ್ತದೆ. ಸಂಗ್ರಹಿಸಿಟ್ಟ ಆಕರಕೋಶಗಳನ್ನು ಆಮೇಲೆ ರಕ್ತಕ್ಕೆ ಸೇರಿಸಿದರೆ ಅವು ಮೂಳೆಯೊಳಗೆ ಹೋಗಿ ನೆಲೆಯೂರಿ ಹೊಸ ರಕ್ತ ಮಾಡಲು ತೊಡಗುತ್ತವೆ. ಹೊಲ ಸುಟ್ಟು ಮತ್ತೆ ಬಿತ್ತಿದ ಹಾಗೆ. ಅಲ್ಲಿಯವರೆಗೆ ಮಗುವಿಗೆ ಸಣ್ಣ ಸೋಂಕೂ ತಗಲದಂತೆ ಆಸ್ಪತ್ರೆಯ ಕೋಣೆಯಲ್ಲೇ ಕಾಪಾಡಬೇಕು.

ಇಂಥ ದಿನಗಳಲ್ಲಿ ಹಾಸಿಗೆಯ ಮೇಲಿದ್ದ ಅಲೆಕ್ಸ್ ಅಮ್ಮನಿಗೆ ಒಂದು ಮಾತು ಹೇಳಿದಳು. ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ತಾನೊಂದು ಲೆಮನೇಡ್ ಸ್ಟ್ಯಾಂಡ್ ಹಾಕಬೇಕು, ಬಂದ ಹಣವನ್ನು ಡಾಕ್ಟರಿಗೆ ಕೊಡಬೇಕು. ಯಾಕೆ? ತನಗೆ ನೆರವಾದ ಹಾಗೆ ಅವರು ಬೇರೆ ಮಕ್ಕಳಿಗೂ ನೆರವಾಗಲಿ ಎಂದು.

ಮೇಜಿನ ಮೇಲಿನ ಮೊದಲ ಹೂಜಿ

ಮಕ್ಕಳ ಮಾತು, ಮರೆತುಬಿಡುತ್ತಾಳೆ ಎಂದುಕೊಳ್ಳುವವರು ಬಹಳ ಜನ. ಅಲೆಕ್ಸ್ ಮರೆಯಲಿಲ್ಲ. ಅದೇ ವರ್ಷ ಅಣ್ಣನನ್ನು ಜೊತೆಗಿಟ್ಟುಕೊಂಡು ಮನೆಯ ಮುಂದೆ ಮೇಜು ಹಾಕಿಯೇಬಿಟ್ಟಳು. ಸುದ್ದಿ ಹರಡಿ ಊರಿನ ಜನ ಬಂದರು. ಕುಡಿದದ್ದು ಒಂದು ಲೋಟ, ಕೊಟ್ಟದ್ದು ಹೆಚ್ಚು. ಅಂದು ಕೂಡಿದ್ದು 2000 ಡಾಲರ್. ಆಗಿನ ಲೆಕ್ಕದಲ್ಲಿ ನಮ್ಮ ಸುಮಾರು 90 ಸಾವಿರ ರೂಪಾಯಿ. ಒಂದು ಲೋಟ ಪಾನಕಕ್ಕೆ ಅಷ್ಟು ಬೆಲೆ ಕಟ್ಟಿದವರು ಯಾರೂ ಬಾಯಾರಿಕೆಗಾಗಿ ಬಂದಿರಲಿಲ್ಲ ಎಂಬುದು ಸ್ಪಷ್ಟ.

ಮರುವರ್ಷ ಚಿಕಿತ್ಸೆಗಾಗಿ ಕುಟುಂಬ ಪೆನ್ಸಿಲ್ವೇನಿಯಾದ ಫಿಲಡೆಲ್ಫಿಯಾ ನಗರದ ಬಳಿಗೆ ಬಂದು ನೆಲೆಸಿತು. ಊರು ಬದಲಾದರೂ ಮೇಜು ಬದಲಾಗಲಿಲ್ಲ. ಪ್ರತಿ ಬೇಸಿಗೆಯಲ್ಲೂ ಅಲೆಕ್ಸ್ ಸ್ಟ್ಯಾಂಡ್ ಹಾಕಿದಳು. ನಡುವೆ ಔಷಧಿ, ಸೂಜಿ, ವಾಂತಿ, ಜ್ವರ, ಆಸ್ಪತ್ರೆಯ ಓಡಾಟ ಎಲ್ಲವೂ ಇದ್ದವು. ಪತ್ರಿಕೆಗಳು ಅವಳ ಬಗ್ಗೆ ಬರೆದವು. ಟಿ.ವಿ.ಯವರು ಕರೆದರು. ಆ ದೇಶದ ಜನಪ್ರಿಯ ನಿರೂಪಕಿ ಓಪ್ರಾ ವಿನ್‌ಫ್ರೀ ಅವರ ಕಾರ್ಯಕ್ರಮದಲ್ಲೂ ಅಲೆಕ್ಸ್ ಕಾಣಿಸಿಕೊಂಡಳು. ನೋಡಿದ ಮಕ್ಕಳು ತಮ್ಮ ತಮ್ಮ ಊರಿನಲ್ಲಿ ಮೇಜು ಹಾಕಿ, ಬಂದ ಹಣ ಕಳಿಸತೊಡಗಿದರು.

2004ರಲ್ಲಿ ಅಲೆಕ್ಸ್ ಒಂದು ಗುರಿ ಇಟ್ಟುಕೊಂಡಳು. ಹತ್ತು ಲಕ್ಷ ಡಾಲರ್ ಕೂಡಿಸಬೇಕು. ಎಂಟು ವರ್ಷದ ಹುಡುಗಿ ಹೇಳುವ ಮೊತ್ತವೇ ಅದು! ಆದರೆ ಆ ಜೂನ್ ತಿಂಗಳಲ್ಲಿ ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಮಕ್ಕಳು ಅವಳಿಗಾಗಿ ಮೇಜು ಹಾಕಿದರು. ಕೆನಡಾದಲ್ಲೂ ಫ್ರಾನ್ಸ್‌ನಲ್ಲೂ ಹಾಕಿದರು. ಅಲೆಕ್ಸ್ ತನ್ನ ಶಾಲೆಯ ಆವರಣದಲ್ಲಿ ಹಾಕಿದ್ದ ಸ್ಟ್ಯಾಂಡಿಗೆ ಬಂದಳು. ಆಗ ಅವಳ ಮೈ ಬಹಳ ಸೋತಿತ್ತು.

ಗುರಿ ಮುಟ್ಟಿತು. 2004ರ ಆಗಸ್ಟ್ 1ರಂದು ಅಲೆಕ್ಸ್ ಮನೆಯಲ್ಲಿ ತೀರಿಕೊಂಡಳು. ಎಂಟು ವರ್ಷದ ಬಾಳಿನಲ್ಲಿ ಅವಳು ಮತ್ತು ಅವಳಿಗೆ ಜೊತೆಯಾದವರು ಕೂಡಿಸಿದ್ದು ಹತ್ತು ಲಕ್ಷ ಡಾಲರ್, ಅಂದರೆ ಆಗಿನ ಸುಮಾರು ನಾಲ್ಕೂವರೆ ಕೋಟಿ ರೂಪಾಯಿ.

ಆಮೇಲೆ ಮೇಜು ಎತ್ತಿಡಲಿಲ್ಲ

ಇಲ್ಲಿಗೆ ಕಥೆ ಮುಗಿಯಬಹುದಿತ್ತು. ಮಗಳನ್ನು ಕಳೆದುಕೊಂಡವರು ಬಾಗಿಲು ಹಾಕಿಕೊಂಡು ಕುಳಿತಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಜೇ ಮತ್ತು ಲಿಜ್ ದಂಪತಿ ಮಗಳು ಬಿಟ್ಟುಹೋದ ಕೆಲಸವನ್ನು ಕೈಗೆತ್ತಿಕೊಂಡರು. 2005ರಲ್ಲಿ ಅವಳ ಹೆಸರಿನಲ್ಲೇ 'ಅಲೆಕ್ಸಸ್ ಲೆಮನೇಡ್ ಸ್ಟ್ಯಾಂಡ್ ಫೌಂಡೇಶನ್' ಎಂಬ ಸಂಸ್ಥೆ ಆರಂಭವಾಯಿತು. ಇಂದಿಗೂ ಪ್ರತಿ ಜೂನ್‌ನಲ್ಲಿ ಅಮೆರಿಕದ ಮಕ್ಕಳು 'ಲೆಮನೇಡ್ ದಿನ'ಗಳಂದು ಮೇಜು ಹಾಕುತ್ತಾರೆ. ಈವರೆಗೆ ಕೂಡಿದ ಹಣ 30 ಕೋಟಿ ಡಾಲರ್ ದಾಟಿದೆ. ಸಾವಿರಕ್ಕೂ ಹೆಚ್ಚು ಸಂಶೋಧನಾ ಯೋಜನೆಗಳಿಗೆ ಅದು ನೆರವಾಗಿದೆ.

ಸಂಶೋಧನೆಗೆ ಮಕ್ಕಳು ದುಡ್ಡು ಕೂಡಿಸಬೇಕೇ, ದೊಡ್ಡ ಔಷಧಿ ಕಂಪನಿಗಳಿಲ್ಲವೇ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ದೊಡ್ಡವರಿಗೆ ಹೋಲಿಸಿದರೆ ಮಕ್ಕಳಲ್ಲಿ ಕ್ಯಾನ್ಸರ್ ಕಡಿಮೆ. ಅದರಲ್ಲೂ ನಾನಾ ಬಗೆ. ಒಂದೊಂದು ಬಗೆಯ ರೋಗಿಗಳ ಸಂಖ್ಯೆ ಇನ್ನೂ ಕಡಿಮೆ. ಕೊಳ್ಳುವವರು ಕಡಿಮೆ ಇರುವ ಕಡೆ ವ್ಯಾಪಾರಿ ಅಂಗಡಿ ಇಡಲು ಹಿಂಜರಿಯುವುದಿಲ್ಲವೇ? ಇದೂ ಹಾಗೆಯೇ. ದೊಡ್ಡವರಿಗೆಂದು ತಯಾರಾದ ಔಷಧಿಗಳನ್ನೇ ಬಹಳ ಕಾಲ ಮಕ್ಕಳಿಗೂ ಬಳಸಬೇಕಾಗಿತ್ತು. ಮಕ್ಕಳ ಮೈಗೆ, ಮಕ್ಕಳ ಕಾಯಿಲೆಗೆ ಒಪ್ಪುವ ಔಷಧಿ ಹುಡುಕಲು ಬೇರೆ ಹಣ ಬೇಕು.

ಆ ಹಣದಿಂದ ಏನಾಯಿತು ಎಂಬುದಕ್ಕೆ ಒಂದು ಉದಾಹರಣೆ. ಕೆಲವು ಮನೆತನಗಳಲ್ಲಿ ನ್ಯೂರೋಬ್ಲಾಸ್ಟೋಮಾ ಒಬ್ಬರಿಗಿಂತ ಹೆಚ್ಚು ಮಂದಿಗೆ ಬರುತ್ತದೆ. ಅದಕ್ಕೆ ಮುಖ್ಯ ಕಾರಣ ಎ.ಎಲ್.ಕೆ. ಎಂಬ ಜೀನ್‌ನಲ್ಲಿನ ದೋಷ ಎಂಬುದನ್ನು 2008ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ಸಂಶೋಧಕರು ಕಂಡುಹಿಡಿದರು. ಅಲೆಕ್ಸ್‌ಗೆ ಚಿಕಿತ್ಸೆ ನೀಡಿದ ಆಸ್ಪತ್ರೆಯೂ ಅದೇ. ಆ ಕೆಲಸಕ್ಕೆ ಹಣ ಕೊಟ್ಟವರಲ್ಲಿ ಅಲೆಕ್ಸ್ ಹೆಸರಿನ ಸಂಸ್ಥೆಯೂ ಒಂದು. ಬೀಗ ಯಾವುದೆಂದು ತಿಳಿದರೆ ಕೀಲಿ ಮಾಡಬಹುದು. ಆ ಜೀನ್‌ನ ಕೆಲಸವನ್ನು ತಡೆಯುವ ಔಷಧಿಗಳನ್ನು ಮಕ್ಕಳಲ್ಲಿ ಪರೀಕ್ಷಿಸಲು ದಾರಿಯಾಯಿತು.

ಸಂಸ್ಥೆ ಇನ್ನೆರಡು ಕೆಲಸಗಳನ್ನೂ ಮಾಡುತ್ತದೆ. ದೂರದ ಊರಿನ ಆಸ್ಪತ್ರೆಗೆ ಮಗುವನ್ನು ಕರೆದೊಯ್ಯಬೇಕಾದ ಮನೆಯವರಿಗೆ ಪ್ರಯಾಣದ ಖರ್ಚು, ತಂಗುವ ಖರ್ಚಿಗೆ ನೆರವಾಗುತ್ತದೆ. ಕಾಯಿಲೆಯಾದ ಮಗುವಿನ ಅಣ್ಣ, ಅಕ್ಕ, ತಮ್ಮ, ತಂಗಿಯರಿಗೆ ಧೈರ್ಯ ತುಂಬುವ ಒಂದು ಕಾರ್ಯಕ್ರಮವೂ ಇದೆ. ಮನೆಯಲ್ಲಿ ಒಂದು ಮಗು ಮಲಗಿದರೆ ಎಲ್ಲರ ಕಣ್ಣೂ ಅದರ ಮೇಲೆಯೇ. ಪಕ್ಕದಲ್ಲಿ ಸುಮ್ಮನೆ ಕುಳಿತ ಇನ್ನೊಂದು ಮಗು ಊಟ ಮಾಡಿತೇ, ಪರೀಕ್ಷೆ ಬರೆಯಿತೇ ಎಂದು ಕೇಳುವವರಿರುವುದಿಲ್ಲ. ಮೂವರು ಗಂಡುಮಕ್ಕಳನ್ನು ಬೆಳೆಸಿದ ಆ ತಂದೆ-ತಾಯಿಗೆ ಈ ಕಷ್ಟ ಚೆನ್ನಾಗಿ ಗೊತ್ತಿತ್ತು.

ಎಡವಿಯೂ ಗೆದ್ದ ಕುದುರೆ

ಇಲ್ಲೊಂದು ಕುದುರೆಯ ಪ್ರಸಂಗ ಬರುತ್ತದೆ. ಮಕ್ಕಳಿಗೆ ಇಷ್ಟವಾಗಬಹುದು.

ಫಿಲಡೆಲ್ಫಿಯಾ ಕಡೆಯ ಕೆಲವು ಗೆಳೆಯರು ಸೇರಿ ಒಂದು ಓಟದ ಕುದುರೆ ಕೊಂಡಿದ್ದರು. ಅದರ ಹೆಸರು ಅಫ್ಲೀಟ್ ಅಲೆಕ್ಸ್. ಹೆಸರು ಹೊಂದಿಕೊಂಡಿತ್ತು, ಊರೂ ಒಂದೇ. ಅಲೆಕ್ಸ್‌ಳ ಕಥೆ ತಿಳಿದ ಅವರು ಕುದುರೆ ಗೆದ್ದ ಹಣದಲ್ಲಿ ಒಂದು ಪಾಲನ್ನು ಅವಳ ಸಂಸ್ಥೆಗೆ ಕೊಡತೊಡಗಿದರು.

2005ರಲ್ಲಿ ಈ ಕುದುರೆ ಅಮೆರಿಕದ ಅತಿ ದೊಡ್ಡ ಪಂದ್ಯಗಳಿಗೆ ಇಳಿಯಿತು. ಕೆಂಟಕಿ ಡರ್ಬಿಯಲ್ಲಿ ಮೂರನೆಯದಾಗಿ ಬಂತು. ಮುಂದಿನದು ಪ್ರೀಕ್ನೆಸ್ ಪಂದ್ಯ. ಕೊನೆಯ ತಿರುವಿನಲ್ಲಿ ಮುಂದಿದ್ದ ಕುದುರೆ ಇದ್ದಕ್ಕಿದ್ದಂತೆ ಅಡ್ಡ ಬಂತು. ಅದರ ಕಾಲಿಗೆ ತಗುಲಿ ಅಫ್ಲೀಟ್ ಅಲೆಕ್ಸ್ ಮುಗ್ಗರಿಸಿತು. ಮುಂಗಾಲು ಮಡಚಿ ಮೂತಿ ನೆಲಕ್ಕೆ ತಾಗುವಷ್ಟು ಬಾಗಿತು. ಸವಾರ ಜೆರೆಮಿ ರೋಸ್ ಕುದುರೆಯ ಕೂದಲನ್ನು ಗಟ್ಟಿಯಾಗಿ ಹಿಡಿದು ಹೇಗೋ ಬೀಳದೆ ಉಳಿದರು. ನೋಡುತ್ತಿದ್ದವರು ಉಸಿರು ಬಿಗಿಹಿಡಿದಿರುವಾಗಲೇ ಕುದುರೆ ಎದ್ದು ಓಡಿ ಪಂದ್ಯ ಗೆದ್ದಿತು! ಅದರ ಮುಂದಿನ ಬೆಲ್ಮಾಂಟ್ ಪಂದ್ಯವನ್ನೂ ಗೆದ್ದಿತು. ಪಂದ್ಯದ ಮೈದಾನಗಳಲ್ಲಿ ಅಲೆಕ್ಸ್ ಹೆಸರಿನ ಲೆಮನೇಡ್ ಸ್ಟ್ಯಾಂಡ್‌ಗಳೂ ಇದ್ದವು. ಕುದುರೆ ನೋಡಲು ಬಂದವರು ಲೋಟ ಹಿಡಿದು, ಯಾರೀ ಹುಡುಗಿ ಎಂದು ಕೇಳಿ ತಿಳಿದುಕೊಂಡರು.

ಎಂಬತ್ತು ಡಾಲರ್ ಕಡಿಮೆ ಬಿದ್ದಾಗ

ಎರಡನೆಯ ಕಥೆ ಅಮೆರಿಕದ ಇನ್ನೊಂದು ತುದಿಯದು. ವಾಷಿಂಗ್ಟನ್ ರಾಜ್ಯದ ರೇಚಲ್ ಬೆಕ್‌ವಿತ್ ಎಂಬ ಹುಡುಗಿಗೆ 2011ರ ಜೂನ್‌ನಲ್ಲಿ ಒಂಬತ್ತು ವರ್ಷ ತುಂಬಿತು. ಲೋಕದಲ್ಲಿ ಎಷ್ಟೋ ಮಕ್ಕಳಿಗೆ ಕುಡಿಯಲು ಶುದ್ಧ ನೀರಿಲ್ಲ ಎಂಬುದನ್ನು ಅವಳು ಒಂದು ಭಾಷಣದಲ್ಲಿ ಕೇಳಿದ್ದಳು. ಹಾಗಾಗಿ ಈ ಸಲ ಹುಟ್ಟುಹಬ್ಬಕ್ಕೆ ತನಗೆ ಉಡುಗೊರೆ ಬೇಡ, ಆ ದುಡ್ಡನ್ನು ನೀರಿನ ಕೆಲಸಕ್ಕೆ ಕೊಡಿ ಎಂದಳು. ಬಾವಿ ತೋಡಿಸುವ 'ಚಾರಿಟಿ: ವಾಟರ್' ಎಂಬ ಸಂಸ್ಥೆಗಾಗಿ 300 ಡಾಲರ್ ಕೂಡಿಸುವುದು ಅವಳ ಗುರಿ.

ಕೂಡಿದ್ದು 220 ಡಾಲರ್. ಗುರಿಗೆ 80 ಕಡಿಮೆ. ಮುಂದಿನ ವರ್ಷ ಇನ್ನೂ ಹೆಚ್ಚು ಪ್ರಯತ್ನ ಮಾಡೋಣ ಎಂದುಕೊಂಡಳು.

ಮುಂದಿನ ವರ್ಷ ಅವಳಿಗೆ ಸಿಗಲಿಲ್ಲ. ಮರು ತಿಂಗಳೇ, ಜುಲೈನಲ್ಲಿ, ಹೆದ್ದಾರಿಯಲ್ಲಿ ಸಾಲು ವಾಹನಗಳು ಡಿಕ್ಕಿಯಾದ ಅಪಘಾತದಲ್ಲಿ ರೇಚಲ್ ತೀವ್ರವಾಗಿ ಗಾಯಗೊಂಡು ತೀರಿಕೊಂಡಳು. ಅವಳ ಆಸೆಯ ವಿಷಯ ಊರಿನವರಿಗೆ ತಿಳಿಯಿತು. ನಿಂತಿದ್ದ ದೇಣಿಗೆಯನ್ನು ಮತ್ತೆ ಶುರು ಮಾಡಿದರು. ಮೊದಲು ಬಂಧುಗಳು, ಆಮೇಲೆ ಊರಿನವರು, ಆಮೇಲೆ ಅವಳ ಮುಖವನ್ನೇ ನೋಡಿರದ ಎಲ್ಲೆಲ್ಲಿನ ಜನರು ಕೊಡತೊಡಗಿದರು. ಕೊನೆಗೆ 30 ಸಾವಿರಕ್ಕೂ ಹೆಚ್ಚು ಜನರಿಂದ 12 ಲಕ್ಷ ಡಾಲರಿಗೂ ಮೀರಿ ಹಣ ಬಂತು. ಕೆಲವು ಮಕ್ಕಳು ಹುಂಡಿ ಡಬ್ಬಿ ಒಡೆದು ಕೊಟ್ಟಿದ್ದರು.

ಆ ಹಣ ಆಫ್ರಿಕಾದ ಇಥಿಯೋಪಿಯ ದೇಶಕ್ಕೆ ಹೋಯಿತು. ಅಲ್ಲಿನ ಉತ್ತರ ಭಾಗದ ಟಿಗ್ರೆ ಪ್ರಾಂತ್ಯ ಒಣ ಬೆಟ್ಟಗುಡ್ಡಗಳ ನಾಡು. ನೀರು ತರುವುದು ಹೆಂಗಸರ, ಹೆಣ್ಣುಮಕ್ಕಳ ಪಾಲಿನ ಕೆಲಸ. ಬಿಂದಿಗೆ ಹೊತ್ತು ಗಂಟೆಗಟ್ಟಲೆ ನಡೆದ ಮೇಲೆ ಸಿಗುವುದು ಕೆಸರು ನೀರು. ಶಾಲೆಗೆ ಹೋಗುವ ಹೊತ್ತೆಲ್ಲ ದಾರಿಯಲ್ಲೇ ಕಳೆಯುತ್ತದೆ. ನಮ್ಮ ಬಯಲುಸೀಮೆಯ ಅಜ್ಜಿಯರಿಗೆ ಈ ಕಷ್ಟವನ್ನು ಯಾರೂ ವಿವರಿಸಬೇಕಿಲ್ಲ. ರೇಚಲ್ ಹೆಸರಿನ ಹಣದಿಂದ 60 ಸಾವಿರಕ್ಕೂ ಹೆಚ್ಚು ಜನರಿಗೆ ಶುದ್ಧ ನೀರು ಸಿಕ್ಕಿತು.

ಒಂದು ವರ್ಷದ ಬಳಿಕ, 2012ರ ಜುಲೈನಲ್ಲಿ, ರೇಚಲ್‌ಳ ತಾಯಿ ಇಥಿಯೋಪಿಯಕ್ಕೆ ಹೋಗಿ ಆ ಬಾವಿಗಳನ್ನು ಕಣ್ಣಾರೆ ನೋಡಿ ಬಂದರು. ಮಗಳು ಕೇಳಿದ್ದು ಕೇವಲ 300 ಡಾಲರ್. ತಾಯಿ ನೋಡಿದ್ದು ಹಳ್ಳಿ ಹಳ್ಳಿಯ ನೀರು.

ಹೆಸರು ಹೇಳುವುದಕ್ಕೆ ಒಂದು ದಾರಿ

ಮಗು ಹೋದ ಮನೆಯಲ್ಲಿ ಆ ಮಗುವಿನ ಹೆಸರು ಹೇಳುವುದೇ ನಿಂತುಹೋಗುವುದುಂಟು. ಹೇಳಿದರೆ ತಾಯಿ ಅಳುತ್ತಾಳೆ ಎಂದು ಅಜ್ಜಿ ಸುಮ್ಮನಿರುತ್ತಾರೆ. ಅಜ್ಜಿಗೆ ನೋವಾಗುತ್ತದೆ ಎಂದು ತಾಯಿ ಸುಮ್ಮನಿರುತ್ತಾಳೆ. ಇವರಿಬ್ಬರ ಮೌನ ನೋಡಿ ಮನೆಯ ಇನ್ನೊಂದು ಮಗು, ಆ ಹೆಸರು ಎತ್ತುವುದೇ ತಪ್ಪೇನೋ ಎಂದುಕೊಳ್ಳುತ್ತದೆ. ಅಜ್ಜ-ಅಜ್ಜಿಯರದು ಇಮ್ಮಡಿ ದುಃಖ. ಹೋದ ಮೊಮ್ಮಗುವಿನ ದುಃಖ ಒಂದು ಕಡೆ, ಕಣ್ಣೆದುರು ಕುಗ್ಗುತ್ತಿರುವ ಸ್ವಂತ ಮಗನದೋ ಮಗಳದೋ ದುಃಖ ಇನ್ನೊಂದು ಕಡೆ.

ಇಂಥ ಮನೆಗಳಿಗೆ ನೆನಪಿನ ದೇಣಿಗೆ ಒಂದು ಬಾಗಿಲು ತೆರೆಯುತ್ತದೆ. ವರ್ಷಕ್ಕೊಮ್ಮೆಯಾದರೂ ಎಲ್ಲರೂ ಕುಳಿತು, ಅವನಿಗೆ ಏನು ಇಷ್ಟವಿತ್ತು, ಅವಳಿದ್ದಿದ್ದರೆ ಯಾರಿಗೆ ಕೊಡು ಎನ್ನುತ್ತಿದ್ದಳು ಎಂದು ಮಾತಾಡಬೇಕಾಗುತ್ತದೆ. ಹೆಸರು ಬಾಯಿಗೆ ಬರುತ್ತದೆ. ಅಳುವೂ ಬರಬಹುದು, ಬರಲಿ. ಅದರ ಜೊತೆಗೆ ಮಗುವಿನ ತುಂಟಾಟದ ನೆನಪಾಗಿ ನಗುವೂ ಬರುತ್ತದೆ. ಇದರಿಂದ ದುಃಖ ಮಾಯವಾಗುವುದಿಲ್ಲ. ಹೊರೆ ಹೊರಲು ನಾಲ್ಕು ಹೆಗಲು ಸಿಗುತ್ತವೆ ಅಷ್ಟೆ.

ಆದರೆ ಅವಸರ ಬೇಡ. ಕೆಲವರು ತಿಂಗಳೊಳಗೆ ಏನಾದರೂ ಮಾಡಬೇಕೆನ್ನುತ್ತಾರೆ. ಕೆಲವರಿಗೆ ಹತ್ತು ವರ್ಷ ಬೇಕಾಗುತ್ತದೆ. ಕೆಲವರಿಗೆ ಯಾವತ್ತೂ ಬೇಡ ಎನಿಸಬಹುದು. ಯಾವುದೂ ತಪ್ಪಲ್ಲ. ನೆಂಟರು, ನೆರೆಯವರು ಒತ್ತಾಯ ಮಾಡಬಾರದು.

ನಮ್ಮಲ್ಲಿನ ದತ್ತಿನಿಧಿ

ನೆನಪಿಗಾಗಿ ಕೊಡುವುದು ನಮಗೆ ಹೊಸದಲ್ಲ. ಸತ್ತವರ ಹೆಸರಿನಲ್ಲಿ ಕೆರೆ ಕಟ್ಟಿಸಿದವರು, ಬಾವಿ ತೋಡಿಸಿದವರು, ಬೇಸಿಗೆಯಲ್ಲಿ ಅರವಟ್ಟಿಗೆ ಇಟ್ಟು ದಾರಿಹೋಕರಿಗೆ ನೀರು ಕೊಟ್ಟವರು ನಮ್ಮ ನಾಡಿನಲ್ಲಿ ಎಷ್ಟೋ ಜನ. ಇಂದು ನಮ್ಮ ಶಾಲೆಗಳಲ್ಲಿ, ಕನ್ನಡ ಸಾಹಿತ್ಯ ಪರಿಷತ್ತಿನಂಥ ಸಂಸ್ಥೆಗಳಲ್ಲಿ ಇದು 'ದತ್ತಿ'ಯಾಗಿ ಮುಂದುವರಿದಿದೆ. ಶಾಲಾ ವಾರ್ಷಿಕೋತ್ಸವದಲ್ಲಿ 'ಇಂಥವರ ಸ್ಮರಣಾರ್ಥ ದತ್ತಿ ಬಹುಮಾನ' ಎಂದು ಮೇಷ್ಟ್ರು ಓದುವುದನ್ನು ನೀವು ಕೇಳಿರುತ್ತೀರಿ.

ದತ್ತಿಯ ಲೆಕ್ಕ ಸರಳ. ಅಸಲನ್ನು ಮುಟ್ಟುವಂತಿಲ್ಲ, ಬಡ್ಡಿಯನ್ನು ಮಾತ್ರ ಖರ್ಚು ಮಾಡಬೇಕು. ಒಂದು ಮನೆಯವರು ಶಾಲೆಯ ಹೆಸರಿನಲ್ಲಿ ಬ್ಯಾಂಕಿನಲ್ಲಿ 20,000 ರೂಪಾಯಿ ಠೇವಣಿ ಇಟ್ಟರು ಎನ್ನೋಣ. ಬಡ್ಡಿ ನೂರಕ್ಕೆ ಆರರಂತೆ ಸಿಕ್ಕರೆ ವರ್ಷಕ್ಕೆ 1,200 ರೂಪಾಯಿ. ಪ್ರತಿ ವರ್ಷ ಒಂದು ಮಗುವಿಗೆ ನೋಟುಪುಸ್ತಕ, ಜ್ಯಾಮಿಟ್ರಿ ಪೆಟ್ಟಿಗೆ, ಚೀಲ ಕೊಡಿಸಬಹುದು. ಹದಿನೈದು ವರ್ಷವಾದರೆ ಹದಿನೈದು ಮಕ್ಕಳು. ಅಸಲು ಹಾಗೆಯೇ ಇರುತ್ತದೆ. ಹೆಚ್ಚು ಅಂಕ ಬಂದವರಿಗೇ ಕೊಡಬೇಕೆಂದಿಲ್ಲ. ಚಿತ್ರ ಬರೆಯುವ ಹುಡುಗಿಗೆ, ಮರ ನೆಟ್ಟು ಬೆಳೆಸಿದ ಹುಡುಗನಿಗೆ, ದೂರದಿಂದ ನಡೆದು ಬಂದರೂ ಶಾಲೆ ತಪ್ಪಿಸದವನಿಗೆ ಕೊಡಬಹುದು. ಅಗಲಿದ ಮಗುವಿಗೆ ಯಾವುದು ಇಷ್ಟವಿತ್ತೋ ಅದಕ್ಕೆ.

ಮಕ್ಕಳ ಕ್ಯಾನ್ಸರಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ನೂರು ಮಕ್ಕಳಲ್ಲಿ 80ಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ, ಅನೇಕ ಬಡ ದೇಶಗಳಲ್ಲಿ 30 ಮಕ್ಕಳೂ ಗುಣವಾಗುವುದಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಾಯಿಲೆ ತಡವಾಗಿ ಗೊತ್ತಾಗುವುದು, ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದು ಇದಕ್ಕೆ ಮುಖ್ಯ ಕಾರಣಗಳು. ಅರ್ಧಕ್ಕೆ ಬಿಡುವುದು ಯಾಕೆ? ಎಷ್ಟೋ ಸಲ ಬಸ್ಸಿನ ಖರ್ಚು, ಪಟ್ಟಣದಲ್ಲಿ ತಂಗುವ ಖರ್ಚು, ಕೂಲಿ ತಪ್ಪಿದ ದಿನಗಳ ಲೆಕ್ಕ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ರಾಜ್ಯದ ಮೂಲೆ ಮೂಲೆಯಿಂದ ಮಕ್ಕಳನ್ನು ಕರೆತರುತ್ತಾರೆ. ಅಂಥ ಒಂದು ಮನೆಯವರ ಒಂದು ಸಲದ ಪ್ರಯಾಣ ಖರ್ಚು ಕೊಟ್ಟರೂ ಅದು ಚಿಕಿತ್ಸೆಗೆ ಕೊಟ್ಟ ಹಾಗೆಯೇ. ಇನ್ನೊಂದು ವಿಷಯ ನೆನಪಿಡಿ: ಕ್ಯಾನ್ಸರ್ ಅಂಟುರೋಗವಲ್ಲ. ಔಷಧಿಯಿಂದ ಕೂದಲು ಉದುರಿದ ಗೆಳೆಯ ಶಾಲೆಗೆ ಮರಳಿದರೆ ಪಕ್ಕದಲ್ಲೇ ಕುಳಿತುಕೊಳ್ಳಿ. ಅದಕ್ಕೆ ಒಂದು ಪೈಸೆಯೂ ಬೇಡ.

ನೀವೂ ಮಾಡುವುದಾದರೆ

ತರಗತಿಯ ಗೆಳೆಯನ, ಬೀದಿಯ ಪುಟ್ಟಿಯ ನೆನಪಿಗೆ ಏನಾದರೂ ಮಾಡಬೇಕೆಂದು ನಿಮಗೂ ಅನಿಸಬಹುದು. ಆಗ ಈ ವಿಷಯಗಳು ಗಮನದಲ್ಲಿರಲಿ.

* ಮೊದಲು ಆ ಮಗುವಿನ ಅಪ್ಪ-ಅಮ್ಮನನ್ನು ಕೇಳಿ. ನೀವೇ ಕೇಳಲು ಸಂಕೋಚವಾದರೆ ಟೀಚರ್ ಅಥವಾ ಅಜ್ಜನನ್ನು ಕಳಿಸಿ. ಅವರು ಬೇಡವೆಂದರೆ ಅಲ್ಲಿಗೆ ಬಿಡಿ. ಅವರ ಒಪ್ಪಿಗೆಯಿಲ್ಲದೆ ಫೋಟೊ ಹಾಕಬೇಡಿ.

* ಹಣ ಯಾವುದಕ್ಕೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. 'ಶಾಲೆಯ ಗ್ರಂಥಾಲಯಕ್ಕೆ 40 ಕಥೆಪುಸ್ತಕ' ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. 'ಒಳ್ಳೆಯ ಕೆಲಸಕ್ಕೆ' ಎಂದರೆ ಯಾರಿಗೂ ಅರ್ಥವಾಗುವುದಿಲ್ಲ.

* ಮನೆಮನೆಗೆ ಹೋಗಿ ಕೇಳುವುದಕ್ಕಿಂತ ಏನಾದರೂ ಮಾಡಿ ಮಾರುವುದು ಚೆಂದ. ಪಾನಕ, ಚುರುಮುರಿ, ಕೈಯಿಂದ ಮಾಡಿದ ಶುಭಾಶಯ ಪತ್ರ, ಅಜ್ಜಿ ಹೇಳಿಕೊಟ್ಟ ಕೋಡುಬಳೆ, ಏನಾದರೂ ಆಗಬಹುದು. ಬಿಸಿ ಎಣ್ಣೆಯ ಬಳಿ ದೊಡ್ಡವರು ಇರಲಿ. ನೀರು ಕಾಯಿಸಿ ಆರಿಸಿದ್ದೇ ಆಗಿರಲಿ.

* ಒಂದು ನೋಟುಪುಸ್ತಕ ಇಡಿ. ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು. ಐದು ರೂಪಾಯಿ ಬಂದರೂ ಬರೆಯಿರಿ. ನಿಂಬೆಹಣ್ಣು, ಸಕ್ಕರೆಗೆ ಕೊಟ್ಟದ್ದನ್ನೂ ಬರೆಯಿರಿ. ಸಂಜೆ ಇಬ್ಬರು ಬೇರೆ ಬೇರೆಯಾಗಿ ಎಣಿಸಿ, ದೊಡ್ಡವರೊಬ್ಬರ ಸಹಿ ಹಾಕಿಸಿ. ಸತ್ತ ಮಗುವಿನ ಹೆಸರಿನ ದುಡ್ಡು ಅದು. ಒಂದು ರೂಪಾಯಿಯ ಲೆಕ್ಕವೂ ತಪ್ಪಬಾರದು.

* ಯಾವುದಾದರೂ ಸಂಸ್ಥೆಗೆ ಕೊಡುವುದಾದರೆ ಅದು ನೋಂದಾಯಿತವೇ ಎಂದು ಹಿರಿಯರಿಂದ ವಿಚಾರಿಸಿ. ರಸೀತಿ ತಪ್ಪದೆ ಪಡೆಯಿರಿ. ಮೊಬೈಲಿಗೆ ಬರುವ ಗೋಳಿನ ಕಥೆಗಳನ್ನು ನಂಬಿ ಅಜ್ಜ-ಅಜ್ಜಿಯರು ಹಣ ಕಳಿಸುವ ಮೊದಲು ಮೊಮ್ಮಕ್ಕಳನ್ನು ಒಂದು ಮಾತು ಕೇಳಲಿ.

* ಕೆಲಸ ಮುಗಿದ ಮೇಲೆ ಕೊಟ್ಟವರಿಗೆಲ್ಲ ತಿಳಿಸಿ. ಇಷ್ಟು ಬಂತು, ಇಷ್ಟು ಖರ್ಚಾಯಿತು, ಇಂಥದ್ದು ಕೊಂಡೆವು ಎಂದು ಶಾಲೆಯ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದರೆ ಸಾಕು. ಮುಂದಿನ ವರ್ಷ ಅವರೇ ಬಂದು ಕೊಡುತ್ತಾರೆ.

* ಗುರಿ ಮುಟ್ಟದಿದ್ದರೆ ಬೇಸರ ಬೇಡ. ರೇಚಲ್‌ಗೂ ಎಂಬತ್ತು ಡಾಲರ್ ಕಡಿಮೆ ಬಿದ್ದಿತ್ತು.

ತೆನೆ ತೆನೆ ಕೂಡಿದರೆ ಬಳ್ಳ, ಹನಿ ಹನಿ ಕೂಡಿದರೆ ಹಳ್ಳ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಅಲೆಕ್ಸ್‌ಗೆ ಈ ಗಾದೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು, ತನ್ನ ಪಕ್ಕದ ಹಾಸಿಗೆಯಲ್ಲಿ ಇನ್ನೊಂದು ಮಗು ಮಲಗಿದೆ ಎಂಬುದು. ಈ ಬೇಸಿಗೆಯಲ್ಲಿ ಅಜ್ಜಿಯ ಜೊತೆ ಕುಳಿತು ನಿಂಬೆಹಣ್ಣು ಹಿಂಡುವಾಗ ಅವಳ ಕಥೆ ಹೇಳಿ. ನಿಮ್ಮ ಮನೆಯಲ್ಲೂ ಹೇಳದೆ ಉಳಿದ ಒಂದು ಪುಟ್ಟ ಹೆಸರಿದ್ದರೆ, ಅಜ್ಜಿ ಅಂದು ಹೇಳಿಯಾರು.